ಅತ್ತಿಗೆಯ ಕಣದ ಕೆಂಪು

ಹೊಟ್ಟೆಕಿಚ್ಚಿನಿಂದಲೇ ಶುರುಮಾಡುತ್ತೇನೆ, ಉಳಿದದ್ದರ ಬಗ್ಗೆ ನನಗೆ ಖಾತ್ರಿಯಿಲ್ಲ. ಅಂದು ಮಂಜಿತ್ತೋ ಬಿಸಿಲಿತ್ತೋ, ಹೇಳುವಾಗಲೆಲ್ಲ ಬದಲಾಗುತ್ತದೆ. ಒಮ್ಮೆ ನಾನೇ ಮಂಜು ಸೇರಿಸಿದೆ, ಕೇಳಲು ಚೆನ್ನಾಗಿತ್ತು. ಅತ್ತಿಗೆಯ ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿನ ಕೆಂಪು ಮಾತ್ರ ಯಾವತ್ತೂ ಬದಲಾಗಿಲ್ಲ.

ಭಾಗಮಂಡಲದ ಕಡೆ ನಮ್ಮ ತೋಟ. ಪಾಲಾದಾಗ ಅಣ್ಣನಿಗೆ ಅರ್ಧ ಹೋಯಿತು, ನನಗೆ ಅರ್ಧ ಬಂತು. ಅಣ್ಣ ಮಡಿಕೇರಿಯಲ್ಲಿ ಆಫೀಸಿಗೆ ಹೋಗುತ್ತಾನೆ, ಅವನ ಪಾಲು ನೋಡಿಕೊಳ್ಳುವವಳು ಅತ್ತಿಗೆ. ಬೇಲಿ ಹೆಸರಿಗಷ್ಟೇ. ಎರಡೂ ಕಡೆ ಅದೇ ಮಣ್ಣು, ಅದೇ ಗಿಡ. ಕುಯ್ಯಲು ಬರುವ ಹೆಂಗಸರೂ ಅವರೇ. ಅವಳ ತೋಟದಲ್ಲಿ ಅವರು ಹಣ್ಣನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನನ್ನದರಲ್ಲಿ ಗಿಡದ ಗೆಲ್ಲಿಗೆ ಕೈಹಾಕಿ ಸರ್ರನೆ ಎಳೆಯುತ್ತಿದ್ದರು. ಹಣ್ಣು, ಹಸಿರು ಕಾಯಿ, ಎಲೆ ಎಲ್ಲವೂ ಚೀಲಕ್ಕೆ.

ಕಾರಣ ಗೊತ್ತಿತ್ತು. ನಾನು ಕೊಡುತ್ತಿದ್ದದ್ದು ಕೆಜಿಗಿಷ್ಟು ಎಂದು, ಅವಳು ದಿನಕ್ಕಿಷ್ಟು ಎಂದು. ಆದರೂ ಅದು ಅವಳ ಮೋಡಿಯೆಂದೇ ನನಗೆ ಅನ್ನಿಸುತ್ತಿತ್ತು. ಅವರ ಜೊತೆ ಕೂತು ಗಂಜಿ ಕುಡಿಯುತ್ತಾಳೆ, ಮಗಳಿಗೆ ಗಂಡು ಸಿಕ್ಕಿತಾ ಎಂದು ವಿಚಾರಿಸುತ್ತಾಳೆ. ತಿಂಗಳಾದರೆ ಮನೆಗೆ ಸಂಬಳ ಬರುವಾಗ ಯಾರಿಗಾದರೂ ಇದಕ್ಕೆಲ್ಲ ಹೊತ್ತಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನ ಮಧ್ಯಾಹ್ನದವರೆಗೂ ಬಾಳುತ್ತಿರಲಿಲ್ಲ.

ಆ ವರ್ಷ ಒಬ್ಬ ವ್ಯಾಪಾರಿ ಪೂರ್ತಿ ಹಣ್ಣಾದ ಕಾಫಿಗೆ ಮಾತ್ರ ಹೆಚ್ಚಿನ ದರ ಕೊಡತೊಡಗಿದ. ಅತ್ತಿಗೆಯದನ್ನು ಒಯ್ದ. ನನ್ನ ಚೀಲ ಬಿಚ್ಚಿ, ಒಂದು ಹಿಡಿ ಅಂಗೈಯಲ್ಲಿ ಹರಡಿ ನೋಡಿ, ಮತ್ತೆ ಚೀಲಕ್ಕೇ ಹಾಕಿದ.

"ಕಾಯೇ ಜಾಸ್ತಿ ಉಂಟಲ್ಲ ಮೇಡಂ. ನಾಳೆ ಕುಯ್ದದ್ದನ್ನ ನಾಳಿದ್ದು ಬೆಳಗ್ಗೆ ನೋಡ್ತೇನೆ. ಅದೂ ಹೀಗೇ ಇದ್ರೆ ಈ ವರ್ಷಕ್ಕೆ ನಿಮ್ಮದು ಬೇಡ."

ಮರುದಿನ ತಕ್ಕಡಿಯನ್ನು ಒಳಗಿಟ್ಟು, ಇವತ್ತು ದಿನಗೂಲಿ ಎಂದೆ. ಹೆಂಗಸರು ನಿಧಾನವಾದರು. ಎಷ್ಟು ನಿಧಾನ! ಗಿಡದ ಸುತ್ತ ತಿರುಗುತ್ತ, ಹರಟುತ್ತ, ಕೆಂಪಾದದ್ದನ್ನಷ್ಟೇ ಕೀಳುತ್ತಿದ್ದರು. ಅವರ ಒಂದೊಂದು ನಗುವೂ ನನ್ನ ಖರ್ಚಿನಂತೆ ಕೇಳಿಸಿತು. ತಡೆಯಲಾರದೆ ನಾನೂ ಸೊಂಟಕ್ಕೆ ಚೀಲ ಕಟ್ಟಿ ಕುಯ್ಯಲು ನಿಂತೆ. ಸಂಜೆ ಎಲ್ಲರೂ ಕಣದಲ್ಲಿ ಸುರಿದಾಗ ಅವರಲ್ಲಿ ಹಿರಿಯಳು ನನ್ನ ಗುಡ್ಡೆಯ ಮುಂದೆ ನಿಂತಳು.

"ಇದೆಂತ ಅಕ್ಕ, ನಿಮ್ಮದ್ರಲ್ಲೇ ಹಸ್ರು! ನಿಮ್ಗೆ ಯಾರು ಕೆಜಿ ಲೆಕ್ಕ ಕೊಡುದು?"

"ಇವ್ರನ್ನ ನಾಳೆಯಿಂದ ಕೆಲ್ಸಕ್ಕೆ ಕರೀಬೇಡಿ," ಎಂದಳು ಇನ್ನೊಬ್ಬಳು.

ನಾನೂ ನಕ್ಕ ಹಾಗೆ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ.

ಅವರು ಹೋದ ಮೇಲೆ ಕಾಯಿ ಆರಿಸುತ್ತ ಕೂತೆ. ಪಕ್ಕಕ್ಕಿಟ್ಟ ಪ್ರತಿ ಕಾಯಿಗೂ ತೂಕವಿದೆ, ಆ ತೂಕಕ್ಕೆ ದರವಿದೆ. ಚೀಲದ ತಳಕ್ಕೆ ಇದನ್ನು ಹಾಕಿ ಮೇಲೆ ಹಣ್ಣು ಮುಚ್ಚಿದರೆ, ಹಿಡಿಯಷ್ಟು ನೋಡುವವನಿಗೆ ಏನು ತಿಳಿದೀತು? ಖಾಲಿ ಚೀಲವೊಂದನ್ನು ಬಿಡಿಸಿ, ಕಾಯಿಯ ಮೊದಲ ಬೊಗಸೆ ಎತ್ತಿದೆ. ಅಷ್ಟರಲ್ಲಿ ಅತ್ತಿಗೆ ಬೇಲಿ ದಾಟಿ ಬಂದಳು.

"ನಿಂಗೆ ಬೇರೆ ಕೆಲ್ಸ ಇಲ್ಲೆನಾ ಅತ್ತಿಗೆ?" ಎಂದೆ.

"ಹೊತ್ತು ಉಟ್ಟಲ್ಲ ಮಾರಾಯ್ತಿ," ಎಂದು, ಹೊತ್ತಿದೆಯೆಂದು ತೋರಿಸುವಂತೆ ನನ್ನ ಎದುರಿಗೇ ಕಾಲು ಚಾಚಿ ಕೂತಳು.

ಬೊಗಸೆಯಲ್ಲಿದ್ದದ್ದನ್ನು, ಆರಿಸುತ್ತಿದ್ದವಳ ಹಾಗೆ, ಪಕ್ಕಕ್ಕೆ ಸುರಿದೆ. ಅವಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಕಂಡಿದ್ದರೂ ಕಾಣದಂತಿರುವಷ್ಟು ಒಳ್ಳೆಯವಳು. ಅದನ್ನೂ ನಾನು ಸಹಿಸಲಾರೆ. ತಾನೂ ಕಾಯಿ ಆರಿಸುತ್ತ, ಕಾವಿಗೆ ಕೂತ ಕೋಳಿಯ ಕತೆ ಹೇಳತೊಡಗಿದಳು. ತಲೆಬುಡವಿಲ್ಲದ ಕತೆ. ಕೇಳುತ್ತ ಕೇಳುತ್ತ ನನ್ನ ಕೈಯೂ ಅವಳ ಕೈಯಷ್ಟೇ ನಿಧಾನವಾಯಿತು. ಸ್ವಲ್ಪ ಹೊತ್ತು ದರ ಮರೆತೇಹೋಗಿತ್ತು. ನನ್ನ ಕಣದಲ್ಲಿ, ನನ್ನ ಕಾಫಿಯ ಮುಂದೆ, ನನಗೇ ದರ ಮರೆಸಿದಳಲ್ಲ ಎಂದು ಅವಳು ಎದ್ದು ಹೋದ ಮೇಲೆ ಸಿಟ್ಟು ಬಂತು.

ಬೆಳಗ್ಗೆ ವ್ಯಾಪಾರಿ ಈ ಸಲ ಮೊಣಕೈವರೆಗೂ ತೋಳನ್ನು ಚೀಲದೊಳಗೆ ಇಳಿಸಿದ. ತಳದಿಂದ ಒಂದು ಹಿಡಿ ತೆಗೆದ. ಎಲ್ಲ ಕೆಂಪು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆಯ ಕಡೆ ತಿರುಗಿ ನಕ್ಕ.

"ಇದು ನಿಮ್ಮ ಕೈಯೇ ಅಲ್ವಾ ಅಕ್ಕ? ನೋಡಿದ್ರೆ ಗೊತ್ತಾಗ್ತದೆ."

"ನಾನೂ ಆರಿಸಿದ್ದೇನೆ," ಎಂದೆ. ಅವನು ಆಗಲೇ ಚೀಲದ ಬಾಯಿ ಕಟ್ಟುತ್ತಿದ್ದ.