ಮೂಗು ತಿದ್ದಿದ ಸ್ಟುಡಿಯೊದವರು

ಫೋಟೋ ಸ್ಟುಡಿಯೊದವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ನಲವತ್ತು ವರ್ಷ ಒಂದೇ ಕಣ್ಣಲ್ಲಿ ಕ್ಯಾಮೆರಾದೊಳಗೆ ಇಣುಕಿ ಮುಖವೇ ಒಂದು ಕಡೆಗೆ ವಾಲಿಬಿಟ್ಟಿತ್ತು. ಮುಖ ಅಳೆಯುವುದೇ ನನ್ನ ಕೆಲಸವಾದ್ದರಿಂದ ಮೊದಲ ದಿನವೇ ಅದು ಗಮನಕ್ಕೆ ಬಂತು.

ನಾನು ನಾಗಮಂಗಲದಲ್ಲಿ ಸೀಳುತುಟಿಯ ಕೂಸುಗಳನ್ನು ನೋಡುವ ದಂತವೈದ್ಯೆ. ತುಟಿ ಹೊಲಿಯುವ ಮೊದಲು ವಾರವಾರವೂ ಪಟ್ಟಿ ಅಂಟಿಸಿ, ಚಪ್ಪಟೆಯಾದ ಮೂಗಿನ ಹೊಳ್ಳೆಯನ್ನು ನಿಧಾನವಾಗಿ ಮೇಲೆತ್ತಬೇಕು. ಎರಡು ಹೊಳ್ಳೆಗಳ ವ್ಯತ್ಯಾಸವನ್ನು ಫೋಟೋದ ಮೇಲೆ ಅಳೆದು ಮೈಸೂರಿನ ಸರ್ಜನ್ನರಿಗೆ ಕಳಿಸುತ್ತಿದ್ದೆ. ಅಳತೆ ಸಮಕ್ಕೆ ಬಂದರೆ ಆಪರೇಷನ್. ನನ್ನ ಫೋನಿನ ಚಿತ್ರ ಮಸುಕು ಎಂದು ಅವರು ಗೊಣಗಿದ್ದಕ್ಕೆ ನನ್ನ ಕ್ಲಿನಿಕ್ಕಿನ ಎದುರಿನ ಈ ಸ್ಟುಡಿಯೊದವರನ್ನು ಹಿಡಿದೆ.

ಅವರ ಜೊತೆ ಏಗುವುದು ಸುಲಭವಿರಲಿಲ್ಲ. ಅಳತೆಗೆಂದು ಮಗುವಿನ ಕೆನ್ನೆಯ ಪಕ್ಕ ಅಂಟಿಸಿದ ಸ್ಕೇಲಿನ ಚೀಟಿ ಅಸಹ್ಯವಾಗಿ ಕಾಣುತ್ತದೆಂದು ಮೊದಲ ಸಲವೇ ಫೋಟೋದಿಂದ ಅಳಿಸಿಹಾಕಿದ್ದರು. ದೃಷ್ಟಿಬೊಟ್ಟನ್ನು ಮಾತ್ರ ಉಳಿಸಿದ್ದರು. ನಾನು ರೇಗಿದರೆ, ಕೂಸಿಗೆ ಇನ್ನೊಂದು ಸಲ ಗಿಲಕಿ ಆಡಿಸಿ ಹೊಸದಾಗಿ ತೆಗೆದುಕೊಡುತ್ತಿದ್ದರು.

ದೇವಲಾಪುರದ ಕಡೆಯ ಒಬ್ಬ ತಾಯಿ ಬರುತ್ತಿದ್ದಳು. ಮೂರನೇ ವಾರದ ಫೋಟೋದಲ್ಲಿ ಅವಳ ಮಗನ ಹೊಳ್ಳೆಗಳು ಸಮವಾಗಿದ್ದವು. ನಾನೆಂಥ ಪೆದ್ದಿ! ಮಗುವನ್ನು ಕೈಯಲ್ಲಿ ಹಿಡಿದಿದ್ದರೂ ಫೋಟೋವನ್ನು ನಂಬಿದೆ, ನನ್ನ ಪಟ್ಟಿಯೇ ಕೆಲಸ ಮಾಡಿತೆಂದು ಬೀಗಿದೆ. ಸರ್ಜನ್ ದಿನ ಕೊಟ್ಟರು. ಮೈಸೂರಿನಲ್ಲಿ ಮಗುವಿನ ಮುಖ ಕಂಡವರೇ, ಹೊಳ್ಳೆ ಇನ್ನೂ ಚಪ್ಪಟೆಯಾಗೇ ಇದೆಯೆಂದು ವಾಪಸ್ ಕಳಿಸಿದರು. ಆಪರೇಷನ್ನಿಗೆಂದು ಬೆಳಗಿನಿಂದ ಹಾಲಿಲ್ಲದೆ ಇದ್ದ ಕೂಸು ದಾರಿಯುದ್ದಕ್ಕೂ ಅತ್ತಿತಂತೆ.

ಸ್ಟುಡಿಯೊಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವರು ಕ್ಯಾಮೆರಾ ಕೆಳಗಿಟ್ಟರು.

“ನಲವತ್ತು ವರ್ಸದಿಂದ ಯಾರೂ ಇದ್ದಂಗೇ ತೆಗಿ ಅಂದಿಲ್ಲ ಕಣಮ್ಮ. ಮದ್ವೆ ಗಂಡಿಗೂ ತಿದ್ದಿವ್ನಿ, ಸತ್ತೋರ್ಗೂ ತಿದ್ದಿವ್ನಿ. ಆ ಉಡ್ಗಿ ಮಗೀನ ಮಕಕ್ಕೆ ಸೆರಗು ಮುಚ್ಕಂಡೇ ಬತ್ತಿದ್ಲು. ಅದ್ಕೇ ಫೋಟೋದಲ್ಲಿ ಮೂಗ್ನ ಒಂಚೂರು ಎತ್ಬುಟ್ಟೆ.”

ಇನ್ನು ನಿಮ್ಮ ಸಹವಾಸವೇ ಬೇಡ ಎಂದು ಬಂದುಬಿಟ್ಟೆ.

ಇನ್ನೆರಡು ತಿಂಗಳು ಪಟ್ಟಿ ಅಂಟಿಸಬೇಕಿತ್ತು. ಆ ತಾಯಿ ಬರುವುದಿಲ್ಲವೆಂದೇ ತಿಳಿದಿದ್ದೆ. ಇಷ್ಟಾಗದಿದ್ದರೂ ಎಷ್ಟೋ ತಾಯಂದಿರು ನಡುವೆ ಕೈಬಿಡುತ್ತಾರೆ. ಅವಳು ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಅವಳ ಬ್ಯಾಗಿನಲ್ಲಿ ಆ ತಿದ್ದಿದ ಫೋಟೋದ ಒಂದು ಪ್ರತಿ ಇತ್ತು. ಸ್ಟುಡಿಯೊದವರು ನನಗೆ ಹೇಳದೆ ಕೊಟ್ಟದ್ದು.

“ಇವ್ನು ಇಂಗಾಗೋ ಗಂಟ ನಾ ಬತ್ತೀನಿ ಮೇಡಂ,” ಎಂದು ಅದನ್ನು ತೋರಿಸಿದಳು. ಮಗನ ಮುಖದ ಮೇಲೆ ಸೆರಗಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ರಸ್ತೆ ದಾಟಿ ಸ್ಟುಡಿಯೊದವರಿಗೆ ಹೇಳಬಹುದಿತ್ತು. ಹಟಕ್ಕೆ ಬಿದ್ದು ಹೋಗಲಿಲ್ಲ. ಹೋದ ವರ್ಷ ಹೃದಯಾಘಾತವಾಗಿ ಅವರು ತೀರಿಕೊಂಡರು.

ಈಗ ಒಳ್ಳೆಯ ಫೋನು ಕೊಂಡಿದ್ದೇನೆ, ಫೋಟೋ ನಾನೇ ತೆಗೆಯುತ್ತೇನೆ. ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆ ಫೋಟೋ ತೋರಿಸಿದರೆ ತಾಯಂದಿರು ಮುಖ ತಿರುಗಿಸುತ್ತಾರೆ. ನಾಲ್ಕನೇ ವಾರಕ್ಕೆ ಕೆಲವರು ಬರುವುದನ್ನೇ ಬಿಡುತ್ತಾರೆ, ಫೋನು ಮಾಡಿದರೆ ಎತ್ತುವುದಿಲ್ಲ. ನನಗೊಂದು ಇದ್ದಂತೆಯೇ ಕೊಡಿ, ತಾಯಿಗೊಂದು ತಿದ್ದಿ ಕೊಡಿ ಎಂದು ಸ್ಟುಡಿಯೊದವರನ್ನು ಕೇಳಿದ್ದರೆ ಆಗುತ್ತಿತ್ತು. ಇಷ್ಟು ಸುಲಭದ ಮಾತು ಅವರು ಬದುಕಿದ್ದಾಗ ನನಗೆ ಹೊಳೆಯಲಿಲ್ಲ.