ಕಾರ್ಖಾನೆಗೆ ಒಂದೇ ಹೊರಲೈನು

ನಿನ್ನೆ ನಮ್ಮ ಯಜಮಾನರಿಗೆ ಎದೆನೋವು ಬಂತೆಂದು ಆಂಬುಲೆನ್ಸಿಗಾಗಿ ಆಸ್ಪತ್ರೆಗೆ ಫೋನ್ ಮಾಡಿದೆ. ಯಂತ್ರದ ದನಿ ಕಾಯಲು ಹೇಳಿ ಸಂಗೀತ ಹಾಕಿತು. ನನ್ನ ಸೋದರತ್ತೆ ನೆನಪಾದಳು.

ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಅವಳು ಟೆಲಿಫೋನ್ ಆಪರೇಟರ್ ಆಗಿದ್ದಳು. ಚಿಕ್ಕವಳಿದ್ದಾಗ ದಿನಾ ಶಾಲೆ ಬಿಟ್ಟ ಮೇಲೆ ನಾನು ಅವಳ ಪಕ್ಕದಲ್ಲೇ ಕೂರುತ್ತಿದ್ದೆ. ಒಳಗಿನ ಯಾವ ವಿಭಾಗದಿಂದ ಕರೆ ಬಂದರೂ ಬೋರ್ಡಿನಲ್ಲಿ ಅದರ ಪುಟ್ಟ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಅತ್ತೆ ವೈರು ಚುಚ್ಚಿ, ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ಸೆರಗು ಸರಿಮಾಡಿಕೊಂಡು ಮಾತಾಡುತ್ತಿದ್ದಳು. ಹೊರಗೆ ಹೋಗುವ ಲೈನು ಮಾತ್ರ ಒಂದೇ.

ಒಂದು ಮಧ್ಯಾಹ್ನ ಬಾಯ್ಲರ್ ಮನೆಯ ಮುಚ್ಚಳ ಬಿತ್ತು. ಆ ಕಡೆಯ ಕೂಗು ನನಗೂ ಕೇಳಿಸಿತು. "ಅಮ್ಮಾ, ಮುನಿಯಪ್ಪ ಸುಟ್ಕೊಂಡವ್ನೆ, ಡಾಕ್ಟರ್‌ನ ಕರೀರಿ."

ಹೊರಲೈನಿನಲ್ಲಿ ಮ್ಯಾನೇಜರು ಬೆಂಗಳೂರಿನವರೊಂದಿಗೆ ಮಾತಾಡುತ್ತಿದ್ದರು. ಅತ್ತೆ ನಡುವೆ ಬಾಯಿಹಾಕಿ, "ಸಾರ್, ಲೈನ್ ಸ್ವಲ್ಪ ಬಿಟ್ಕೊಡ್ತೀರಾ, ಬಾಯ್ಲರ್ ಹತ್ರ..." ಎನ್ನುತ್ತಿದ್ದಂತೆ ಅವರು ಅಡ್ಡ ಮಾತಾಡಿದರು.

"ಏನಂದ್ರು ಅತ್ತೆ?"

"ಇರಮ್ಮ ಅಂದ್ರು."

ಮ್ಯಾನೇಜರ ವೈರಿನ ಮೇಲೆ ಕೈಯಿಟ್ಟುಕೊಂಡೇ ಕಾದಳು. ಕೊನೆಗೆ ಅದನ್ನು ಕಿತ್ತು ಡಾಕ್ಟರನ್ನು ಕರೆದಳು. ಮುನಿಯಪ್ಪ ಉಳಿಯಲಿಲ್ಲ.

ಅತ್ತೆಯನ್ನು ಯಾರೂ ಬೈಯಲಿಲ್ಲ. ಮುದುಕಿಯಾದ ಮೇಲೂ ಅವಳು ಮುದ್ದೆ ಮುರಿಯುವ ಕೈ ನಿಲ್ಲಿಸಿ ಹೇಳುತ್ತಿದ್ದಳು: "ಕೇಳಬಾರ್ದಿತ್ತು ಕಣೇ. ಕಿತ್ಬಿಡ್ಬೇಕಿತ್ತು."

ಫೋನಿನಲ್ಲಿ ಸಂಗೀತ ಇನ್ನೂ ನಡೆದೇ ಇತ್ತು. ಅದನ್ನು ಕೆಳಗಿಟ್ಟು, ಯಾರನ್ನೂ ಕೇಳದೆ ನಮ್ಮವರನ್ನು ಆಟೋ ಹತ್ತಿಸಿದೆ.