ಬಖ್ತಾವರಳ ಹೆಸರು

ಅಥೆನ್ಸಿನ ವಿಕ್ಟೋರಿಯಾ ಚೌಕದ ಹಿಂದಿನ ಗಲ್ಲಿಯಲ್ಲಿ ಬಖ್ತಾವರ್ ಬೊಲಾನಿ ಮಾರುತ್ತಾಳೆ. ಆಲೂಗಡ್ಡೆ, ಈರುಳ್ಳಿ ಸೊಪ್ಪು ತುಂಬಿ ಮಡಿಚಿ ಎಣ್ಣೆಯಲ್ಲಿ ಬೇಯಿಸಿದ ರೊಟ್ಟಿ. ಚೌಕಾಸಿಗೆ ನಿಂತವರನ್ನು ಅವಳು ಬರಿಗೈಯಲ್ಲೂ ಕಳಿಸುವುದಿಲ್ಲ, ಗೆಲ್ಲಿಸಿಯೂ ಕಳಿಸುವುದಿಲ್ಲ. ಆಫ್ಘಾನಿಸ್ತಾನದ ಘಜ್ನಿ ಬಿಟ್ಟು ಬಂದಾಗ ಗ್ರೀಕಿನ ಒಂದಕ್ಷರ ಬಾರದವಳು ಈಗ ತರಕಾರಿಯವನನ್ನು ಅವನ ಭಾಷೆಯಲ್ಲೇ ಬೈಯುತ್ತಾಳೆ. ಇಂಥ ಜಾಣೆಗೂ ತೆರೆಯದ್ದು ಜರ್ಮನಿಯ ಬಾಗಿಲು. ಗಂಡ ಘುಲಾಮ್ ಸಖಿ ಅಲ್ಲಿ ಆಶ್ರಯ ಪಡೆದು ಕೂತಿದ್ದಾನೆ. ಮಗ ಜವಾದ್ ಅಪ್ಪನನ್ನು ಫೋನಿನ ಪರದೆಯಲ್ಲಷ್ಟೇ ಬಲ್ಲ.

ಯುರೋಪಿನ ದೇಶಗಳದು ಒಂದು ರೀತಿಯಲ್ಲಿ ಅಂಗಡಿಯವರ ವ್ಯವಹಾರ. ಆಶ್ರಯ ಕೇಳಿ ಬಂದವನು ಮೊದಲು ಯಾರ ಮೆಟ್ಟಿಲು ಹತ್ತಿ ಬೆರಳಚ್ಚು ಒತ್ತಿದನೋ, ಅವನು ಅವರ ತಲೆನೋವು. ಬೇರೆಡೆಗೆ ಹೋದರೆ ಮಾಲು ವಾಪಸು ಕಳಿಸಿದ ಹಾಗೆ ಕಳಿಸುತ್ತಾರೆ. ರಿಯಾಯಿತಿಯೂ ಇಲ್ಲದಿಲ್ಲ: ಗಂಡನಿಗೆ ಒಂದು ದೇಶ ಆಶ್ರಯ ಕೊಟ್ಟಿದ್ದರೆ ಹೆಂಡತಿ ಮಕ್ಕಳ ಅರ್ಜಿಯ ಹೊಣೆಯೂ ಆ ದೇಶದ್ದೇ. ಬಖ್ತಾವರ್ ನೆಚ್ಚಿಕೊಂಡಿದ್ದು ಇದನ್ನೇ. ತಾಯಿ ಮಗನನ್ನು ಕರೆಸಿಕೊಳ್ಳಿ ಎಂದು ಗ್ರೀಸ್ ಕೇಳಿತು, ಜರ್ಮನಿ ಒಲ್ಲೆ ಎಂದಿತು.

"ನಿನ್ನ ಗಂಡನ ಫೈಲಲ್ಲಿ ಹೆಂಡತಿ ಹೆಸರು ಫಾತಿಮಾ ಅಂತಿದೆಯಂತೆ," ಎಂದಳು ಅವಳ ವಕೀಲೆ ದಾಫ್ನಿ.

ಬಖ್ತಾವರ್ ಅಲ್ಲೇ ಫೋನ್ ಹಚ್ಚಿದಳು.

"ಜವಾದನ ಅಪ್ಪ, ಯಾರ್ರೀ ಅದು ಫಾತಿಮಾ?"

"ಯಾರೂ ಅಲ್ಲ," ಎಂದ ಘುಲಾಮ್ ಸಖಿ. "ಅವತ್ತು ವಿಚಾರಣೆಗೆ ಕೂತಿದ್ದ ದುಭಾಷಿ ನಮ್ಮ ಪಕ್ಕದೂರಿನವನು. ಪರಗಂಡಸಿನ ಎದುರಿಗೆ ಹೆಂಡತಿ ಹೆಸರು ಹೆಂಗೆ ಹೇಳ್ಲಿ? ಜವಾದನ ತಾಯಿ ಅಂದೆ. ಆ ಅಧಿಕಾರಿ ಹೆಸರೇ ಬೇಕು ಅಂತ ಪಟ್ಟು ಹಿಡಿದ. ಬಾಯಿಗೆ ಬಂದದ್ದು ಹೇಳಿದೆ."

"ಬಾಯಿಗೂ ನಾನು ಬರ್ಲಿಲ್ಲ."

"ಮರ್ಯಾದೆ ಉಳಿಸೋಕೆ ಅಲ್ವೇನೇ ಮಾಡಿದ್ದು?"

"ಉಳೀತು ಬಿಡಿ. ಮರ್ಯಾದೆ ಅಲ್ಲಿ ಬೆಚ್ಚಗಿದೆ, ನಾವು ಇಲ್ಲಿ ಬಿದ್ದಿದೀವಿ."

ಗ್ರೀಸ್ ಮತ್ತೊಮ್ಮೆ ಕೇಳಲು ಮೂರು ವಾರದ ಗಡುವು. ಅಷ್ಟರಲ್ಲಿ ಘುಲಾಮ್ ಸಖಿ ಕಚೇರಿಗೆ ಹೋಗಿ ನಿಜವಾದ ಹೆಸರು ಹೇಳಬೇಕು. ಮೊದಲು ಅವನಿಗೆ ಕೆಲಸಕ್ಕೆ ರಜೆ ಸಿಗಲಿಲ್ಲ, ಆಮೇಲೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ, "ಚೀಟೀಲಿ ಬರೆದುಕೊಟ್ರೆ ಆಗಲ್ವಾ?" ಎಂದ. ಬಖ್ತಾವರ್ ಅವನ ಫೋನ್ ಎತ್ತುವುದನ್ನೇ ಬಿಟ್ಟಳು. ಪರದೆಯಲ್ಲಿ ಮಗನ ಮುಖವೂ ಕಾಣದಾದಾಗ ಅವನು ಕಚೇರಿಗೆ ಹೊರಟ. ಅಲ್ಲಿ ಕೂತಿದ್ದ ದುಭಾಷಿ ಅದೇ ಪಕ್ಕದೂರಿನವನು.

"ನೆಲ ನೋಡ್ಕೊಂಡು ಹೇಳಿದೆ," ಎಂದ ಆ ಸಂಜೆ.

"ಸದ್ಯ, ಹೇಳಿದ್ರಲ್ಲ."

ಬಖ್ತಾವರ್ ಅವತ್ತು ಬೊಲಾನಿಗೆ ಎಣ್ಣೆ ಧಾರಾಳವಾಗಿ ಸುರಿದಳು. ತವೆಯನ್ನು ಯಾರಿಗೆ ಮಾರುವುದೆಂದೂ ಲೆಕ್ಕ ಹಾಕಿದಳು.

ಜರ್ಮನಿಯ ಉತ್ತರ ಬಂತು. ದಾಫ್ನಿ ಓದಿ ಹಣೆ ಒತ್ತಿಕೊಂಡಳು. "ನೀನು ಹೆಂಡತಿ ಇರಬಹುದು ಅಂತ ಒಪ್ಪಿದಾರೆ. ಆದ್ರೆ ಫಾತಿಮಾ ಎಲ್ಲಿದಾಳೆ ಅಂತ ಕೇಳ್ತಿದಾರೆ. ವಿಚ್ಛೇದನ ಆಗಿದ್ರೆ ಪತ್ರ ಬೇಕು, ಸತ್ತಿದ್ರೆ ಅದರ ಪತ್ರ ಬೇಕು. ಅಲ್ಲೀವರೆಗೆ ಒಪ್ಪಲ್ಲ."

"ಫಾತಿಮಾ ಅನ್ನೋಳು ಹುಟ್ಟೇ ಇಲ್ಲ ವಕೀಲಮ್ಮ."

"ಹಾಗಂತ ಸಾಬೀತು ಮಾಡ್ಬೇಕು."

"ಹುಟ್ಟದೋಳ ಸಾವಿನ ಪತ್ರ ಯಾರು ಕೊಡ್ತಾರೆ? ಊರಲ್ಲಿ ಕೈ ಬೆಚ್ಚಗೆ ಮಾಡಿದ್ರೆ ಸಿಗಬಹುದು..."

"ನಾನು ಕೇಳಿಸ್ಕೊಂಡಿಲ್ಲ," ಎಂದಳು ದಾಫ್ನಿ. ಕೋರ್ಟಿಗೆ ಹೋಗೋಣ, ವರ್ಷ ಹಿಡಿಯಬಹುದು ಎಂದೂ ಸೇರಿಸಿದಳು.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಬಖ್ತಾವರ್ ಗಂಡನಿಗೆ ಫೋನ್ ಮಾಡಿದಳು.

"ಏನಂದ್ರು?" ಎಂದ ಅವನು, ಆಸೆಯಿಂದ.

"ಅಲ್ಲಿರೋ ನಿಮ್ಮ ಹೆಂಡತಿಗೆ ಮೊದಲು ಏನಾದ್ರೂ ದಾರಿ ಮಾಡಿ, ಜವಾದನ ಅಪ್ಪ. ಅವಳು ಎದ್ದು ಹೋಗೋವರೆಗೆ ನಮಗೆ ಜಾಗ ಇಲ್ಲವಂತೆ."